ಬಾಸ್ಟನ್‌ಗೆ ಬಂದ ನೆಂಟರು ಪದೇ ಪದೇ ಕೇಳುವ ಪ್ರಶ್ನೆಗಳು: ಅಮೆರಿಕ ಬ್ರಿಟನ್ನಿನ ಮೇಲೆ ತಿರುಗಿಬಿದ್ದದ್ದು ಹೇಗೆ?

ಬೇಸಿಗೆ ಬಂತೆಂದರೆ ಊರಿಂದ ಯಾರಾದರೂ ಬರುತ್ತಾರೆ. ಅಪ್ಪ ಅಮ್ಮ, ಅತ್ತೆ ಮಾವ, ಚಿಕ್ಕಪ್ಪ, ಒಮ್ಮೊಮ್ಮೆ ಚಿಕ್ಕಪ್ಪನ ವಾಕಿಂಗ್ ಗೆಳೆಯರು. ನಯಾಗರ ಆಯಿತು, ನ್ಯೂಯಾರ್ಕ್ ಆಯಿತು, ಉಳಿದ ಎರಡು ದಿನ ಬಾಸ್ಟನ್. ಇಲ್ಲಿ ಫುಟ್‌ಪಾತಿನ ಮೇಲೆ ಕೆಂಪು ಇಟ್ಟಿಗೆಯ ಒಂದು ಗೆರೆ ಇದೆ. ಅದರ ಹಿಂದೆಯೇ ಸುಮಾರು ನಾಲ್ಕು ಕಿಲೋಮೀಟರ್ ನಡೆದರೆ ಕ್ರಾಂತಿಯ ಕಾಲದ ಗುಡಿ, ಗೋರಿ, ಸಭಾಭವನ ಎಲ್ಲ ಸಿಗುತ್ತವೆ. ನಾನು ಇತಿಹಾಸದ ಮೇಷ್ಟ್ರಲ್ಲ, ಕಂಪ್ಯೂಟರ್ ಕುಟ್ಟಿ ಹೊಟ್ಟೆ ಹೊರೆಯುವವನು. ಆದರೆ ವರ್ಷ ವರ್ಷ ಅವೇ ಪ್ರಶ್ನೆಗಳಿಗೆ ಬಿಸಿಲಲ್ಲಿ ನಿಂತು ತಡವರಿಸಿ, ರಾತ್ರಿ ಕೂತು ಓದಿ, ಮರುದಿನ ತಿದ್ದಿ ಹೇಳಿ ಸಾಕಾಗಿದೆ. ಅದಕ್ಕೇ ಇದನ್ನು ಬರೆದಿಟ್ಟಿದ್ದೇನೆ. ಮುಂದೆ ಬರುವವರು ವಿಮಾನದಲ್ಲೇ ಓದಿಕೊಂಡು ಬನ್ನಿ.

ನಮ್ಮ ಹಾಗೇ ಇವರೂ ಬ್ರಿಟಿಷರ ಆಳ್ವಿಕೆಯಿಂದ ಬಿಡುಗಡೆ ಪಡೆದವರು, ಅಲ್ಲವೇ?

ಎಲ್ಲರೂ ಕೇಳುವ ಮೊದಲ ಪ್ರಶ್ನೆ ಇದು. ಅಲ್ಲ. ನಮ್ಮಲ್ಲಿ ಹೊರಗಿನಿಂದ ಬಂದವರು ಆಳಿದರು, ಒಳಗಿದ್ದವರು ಎದ್ದು ನಿಂತರು. ಇಲ್ಲಿ ಆಳಿದವರೂ ಹೊರಗಿನವರೇ, ಎದ್ದವರೂ ಹೊರಗಿನವರೇ. ಬಾಸ್ಟನ್ನಿನ ವ್ಯಾಪಾರಿಗೂ ಲಂಡನ್ನಿನ ಮಂತ್ರಿಗೂ ಒಂದೇ ಭಾಷೆ, ಒಂದೇ ಬೈಬಲ್ಲು, ಒಂದೇ ರಾಜ. 1760ರ ಸುಮಾರಿಗೆ 'ನೀನು ಯಾರು' ಎಂದು ಕೇಳಿದ್ದರೆ ಇಲ್ಲಿನವನು ಎದೆಯುಬ್ಬಿಸಿ 'ನಾನು ಇಂಗ್ಲಿಷ್ ಮನುಷ್ಯ' ಎನ್ನುತ್ತಿದ್ದ.

ಇದು ದಾಯಾದಿ ಜಗಳ. ದೊಡ್ಡಮನೆಯವರು ಖರ್ಚಿನ ಚೀಟಿ ಕಳಿಸಿದರು, ಬೇರೆ ಊರಲ್ಲಿ ನೆಲೆಸಿದ ತಮ್ಮಂದಿರು 'ಪಂಚಾಯ್ತಿಗೆ ನಮ್ಮನ್ನು ಕರೆಯದೆ ಲೆಕ್ಕ ಹಾಕಿದ್ದೇಕೆ' ಎಂದು ತಿರುಗಿಬಿದ್ದರು. ಜಗಳ ನಡೆದದ್ದು ಯಾರ ಹೊಲದ ಮೇಲೆ ಅಂದರೆ, ಅದು ಇಬ್ಬರದೂ ಅಲ್ಲದ ಹೊಲ.

ಇಲ್ಲಿಗೆ ಮೊದಲು ಬಂದವರು ಇಂಗ್ಲಿಷರೇ?

ಯುರೋಪಿನವರಲ್ಲೇ ಅವರು ಮೊದಲಿಗರಲ್ಲ. ಸ್ಪೇನಿನವರು ಫ್ಲಾರಿಡಾದ ಸೇಂಟ್ ಅಗಸ್ಟೀನಿನಲ್ಲಿ 1565ರಲ್ಲೇ ಕೋಟೆ ಕಟ್ಟಿ ಕೂತಿದ್ದರು. ಇಂಗ್ಲಿಷರ ಮೊದಲ ಗಟ್ಟಿ ನೆಲೆ ವರ್ಜೀನಿಯಾದ ಜೇಮ್ಸ್‌ಟೌನ್, 1607. ಮರುವರ್ಷವೇ ಫ್ರೆಂಚರ ಶಾಂಪ್ಲೇನ್ ಕೆನಡಾದಲ್ಲಿ ಕ್ವಿಬೆಕ್ ಊರನ್ನು ಕಟ್ಟಿದ. ಡಚ್ಚರು ಹಡ್ಸನ್ ನದಿಯ ಬಾಯಲ್ಲಿ ನ್ಯೂ ಆಮ್‌ಸ್ಟರ್‌ಡಾಮ್ ಮಾಡಿಕೊಂಡರು. ಸ್ವೀಡನ್ನಿನವರು ಕೂಡ 1638ರಲ್ಲಿ ಡೆಲಾವೇರ್ ನದಿಯ ದಡಕ್ಕೆ ಬಂದರು. ಸ್ವೀಡರನ್ನು ಡಚ್ಚರು 1655ರಲ್ಲಿ ನುಂಗಿದರು, ಡಚ್ಚರನ್ನು ಇಂಗ್ಲಿಷರು 1664ರಲ್ಲಿ ನುಂಗಿದರು. ಆ ಊರಿನ ಹೆಸರು ಆಗ ನ್ಯೂಯಾರ್ಕ್ ಆಯಿತು.

ಬಂದವರ ರೀತಿ ಒಂದೇ ಆಗಿರಲಿಲ್ಲ. ಫ್ರೆಂಚರಿಗೆ ಬೇಕಾಗಿದ್ದದ್ದು ಬೀವರ್ ಎಂಬ ಪ್ರಾಣಿಯ ಚರ್ಮ. ಅದು ಬೇಕೆಂದರೆ ಮೂಲನಿವಾಸಿಗಳ ಜೊತೆ ಒಳ್ಳೆಯದಾಗಿರಬೇಕು, ಏಕೆಂದರೆ ಬೇಟೆಯಾಡಿ ತಂದುಕೊಡುವವರು ಅವರೇ. ಹಾಗಾಗಿ ಫ್ರೆಂಚರು ಸಂಖ್ಯೆಯಲ್ಲಿ ಕಡಿಮೆ, ಸಂಬಂಧದಲ್ಲಿ ಹೆಚ್ಚು. ಇಂಗ್ಲಿಷರಿಗೆ ಬೇಕಾಗಿದ್ದದ್ದು ನೆಲ. ಹೊಗೆಸೊಪ್ಪಿಗೆ ನೆಲ, ಮಕ್ಕಳಿಗೆ ನೆಲ, ಮೊಮ್ಮಕ್ಕಳಿಗೆ ನೆಲ. 1750ರ ಹೊತ್ತಿಗೆ ಇಂಗ್ಲಿಷ್ ವಸಾಹತುಗಳಲ್ಲಿ ಹತ್ತು ಲಕ್ಷ ದಾಟಿದ ಜನ ಇದ್ದರೆ, ಫ್ರೆಂಚ್ ಕೆನಡಾದಲ್ಲಿ ಒಂದು ಲಕ್ಷವೂ ಇರಲಿಲ್ಲ.

ಮೂಲನಿವಾಸಿಗಳು ಸುಮ್ಮನಿದ್ದರೇ?

ಎಲ್ಲಿ ಸುಮ್ಮನಿದ್ದರು! 1622ರಲ್ಲಿ ಪೌಹಟನ್ ಒಕ್ಕೂಟದವರು ವರ್ಜೀನಿಯಾದ ಮೇಲೆ ಬಿದ್ದು 347 ವಲಸಿಗರನ್ನು ಒಂದೇ ದಿನ ಕೊಂದರು. 1675ರಲ್ಲಿ ಇದೇ ಮ್ಯಾಸಚೂಸೆಟ್ಸ್ ಸುತ್ತಮುತ್ತ ಮೆಟಾಕಾಮ್ ಎಂಬ ನಾಯಕ ಎದ್ದ. ಇಂಗ್ಲಿಷರು ಅವನನ್ನು 'ಕಿಂಗ್ ಫಿಲಿಪ್' ಎನ್ನುತ್ತಿದ್ದರು. ಊರೂರೇ ಸುಟ್ಟವು, ಎರಡೂ ಕಡೆ. ಕೊನೆಗೆ 1676ರಲ್ಲಿ ಅವನನ್ನು ಕೊಂದು ತಲೆಯನ್ನು ಪ್ಲಿಮತ್ ಊರಿನಲ್ಲಿ ಕಂಬಕ್ಕೆ ಚುಚ್ಚಿಟ್ಟರು. ಅದು ವರ್ಷಗಟ್ಟಲೆ ಅಲ್ಲೇ ಇತ್ತು. ಅವನ ಹೆಂಡತಿ ಮಗನನ್ನು ಸೆರೆಹಿಡಿದು ಗುಲಾಮರಾಗಿ ಮಾರುವ ಮಾತಾಯಿತು.

ಪ್ಲಿಮತ್‌ಗೆ ನೆಂಟರನ್ನು ಕರೆದೊಯ್ದರೆ ಅವರಿಗೆ ಬಂಡೆ ತೋರಿಸುತ್ತಾರೆ, 1620ರಲ್ಲಿ ಮೇಫ್ಲವರ್ ಹಡಗಿನವರು ಕಾಲಿಟ್ಟ ಬಂಡೆ ಅಂತ. ಸಣ್ಣದು, ಎಲ್ಲರಿಗೂ ನಿರಾಸೆ. ಆ ತಲೆಯ ಕತೆಯನ್ನು ನಾನೇ ಹೇಳಬೇಕಾಗುತ್ತದೆ.

ಇಂಗ್ಲಿಷರ ಹದಿಮೂರು ವಸಾಹತುಗಳೂ ಒಗ್ಗಟ್ಟಾಗಿದ್ದವೇ?

ಕಾವೇರಿ ನೀರಿನ ವಿಷಯದಲ್ಲಿ ನಾವೂ ತಮಿಳುನಾಡಿನವರೂ ಎಷ್ಟು ಒಗ್ಗಟ್ಟಾಗಿದ್ದೇವೋ ಅಷ್ಟು. ಪೆನ್ಸಿಲ್ವೇನಿಯಾ ಮತ್ತು ಮೇರಿಲ್ಯಾಂಡ್ ಗಡಿಗಾಗಿ ದಶಕಗಟ್ಟಲೆ ಹೊಡೆದಾಡಿ, ಕೊನೆಗೆ ಇಂಗ್ಲೆಂಡಿನಿಂದ ಮೇಸನ್ ಮತ್ತು ಡಿಕ್ಸನ್ ಎಂಬ ಇಬ್ಬರು ಅಳತೆಗಾರರನ್ನು ಕರೆಸಿ 1763ರಿಂದ 1767ರವರೆಗೆ ಕಲ್ಲು ನೆಡಿಸಿದವು. ಕನೆಟಿಕಟ್‌ನವರು ಪೆನ್ಸಿಲ್ವೇನಿಯಾದ ಕಣಿವೆಯೊಂದು ತಮ್ಮದೆಂದು ಹೋಗಿ ಮನೆ ಕಟ್ಟಿದರು, ಪೆನ್ಸಿಲ್ವೇನಿಯಾದವರು ಬಂದೂಕು ಹಿಡಿದು ಓಡಿಸಿದರು, ಅವರು ಮತ್ತೆ ಬಂದರು. ಈಗಿನ ವರ್ಮಾಂಟ್ ಜಾಗವನ್ನು ನ್ಯೂಯಾರ್ಕ್ ಮತ್ತು ನ್ಯೂ ಹ್ಯಾಂಪ್‌ಶೈರ್ ಎರಡೂ ಬೇರೆ ಬೇರೆಯವರಿಗೆ ಹಂಚಿದ್ದವು. ಒಂದೇ ಸೈಟನ್ನು ಇಬ್ಬರಿಗೆ ಮಾರುವ ವಿದ್ಯೆ ನಮ್ಮ ಬೆಂಗಳೂರಿನದು ಮಾತ್ರ ಅಲ್ಲ.

1754ರಲ್ಲಿ ಆಲ್ಬನಿಯಲ್ಲಿ ಏಳು ವಸಾಹತುಗಳವರು ಸೇರಿದಾಗ ಫಿಲಡೆಲ್ಫಿಯಾದ ಮುದ್ರಕ ಬೆಂಜಮಿನ್ ಫ್ರಾಂಕ್ಲಿನ್ ಒಕ್ಕೂಟದ ಯೋಜನೆ ಮುಂದಿಟ್ಟ. ಅದಕ್ಕೆ ಸ್ವಲ್ಪ ಮುಂಚೆ ತುಂಡು ತುಂಡಾದ ಹಾವಿನ ಚಿತ್ರವನ್ನು ಪತ್ರಿಕೆಯಲ್ಲಿ ಹಾಕಿದ್ದ. 'ಕೂಡಿಕೊಳ್ಳಿ, ಇಲ್ಲವೇ ಸಾಯಿರಿ' ಎಂಬುದು ಅದರ ಕೆಳಗಿನ ಮಾತು. ಯೋಜನೆಯನ್ನು ಒಂದು ವಸಾಹತೂ ಒಪ್ಪಲಿಲ್ಲ. ಲಂಡನ್ನಿಗೂ ಬೇಕಿರಲಿಲ್ಲ.

ಫ್ರೆಂಚರ ಜೊತೆ ಯುದ್ಧ ಶುರುವಾದದ್ದು ಯಾಕೆ?

ಓಹಾಯೋ ನದಿಯ ಕಣಿವೆಗಾಗಿ. ಫ್ರೆಂಚರಿಗೆ ಅದು ಕೆನಡಾದಿಂದ ಮಿಸಿಸಿಪ್ಪಿಗೆ ಹೋಗುವ ದಾರಿ. ವರ್ಜೀನಿಯಾದ ಸಿರಿವಂತರಿಗೆ ಅದು ಸೈಟು ಮಾಡಿ ಮಾರುವ ಜಾಗ, ಅದಕ್ಕಾಗಿ ಅವರು ಓಹಾಯೋ ಕಂಪನಿಯನ್ನೂ ಕಟ್ಟಿದ್ದರು. ಅಲ್ಲಿ ಬಾಳುತ್ತಿದ್ದ ಮೂಲನಿವಾಸಿಗಳಿಗೆ ಅದು ಮನೆ.

1754ರ ಮೇ 28ರ ಬೆಳಗ್ಗೆ ವರ್ಜೀನಿಯಾದ ಒಂದು ಸಣ್ಣ ತುಕಡಿ ಕಾಡಿನಲ್ಲಿ ಫ್ರೆಂಚರ ಮೇಲೆ ಗುಂಡು ಹಾರಿಸಿತು. ಫ್ರೆಂಚ್ ಅಧಿಕಾರಿ ಜುಮೊನ್‌ವಿಲ್ ಸತ್ತ. ತುಕಡಿಯ ನಾಯಕನಿಗೆ 22 ವರ್ಷ, ಹೆಸರು ಜಾರ್ಜ್ ವಾಷಿಂಗ್ಟನ್. ಐದು ವಾರದಲ್ಲಿ ಫ್ರೆಂಚರು ಬಂದು ಅವನನ್ನು ಒಂದು ಮರದ ಬೇಲಿಯೊಳಗೆ ಮುತ್ತಿದರು. ಜುಲೈ 3ರ ರಾತ್ರಿ ಮಳೆಯಲ್ಲಿ, ನೆಂದ ಕಾಗದದ ಮೇಲಿನ ಶರಣಾಗತಿ ಪತ್ರಕ್ಕೆ ಅವನು ಸಹಿ ಹಾಕಿದ. ಅದು ಫ್ರೆಂಚಿನಲ್ಲಿತ್ತು, ಅವನಿಗೆ ಫ್ರೆಂಚ್ ಬರುತ್ತಿರಲಿಲ್ಲ. ಜುಮೊನ್‌ವಿಲ್‌ನನ್ನು 'ಕೊಲೆ' ಮಾಡಿದ್ದು ಎಂದು ಅದರಲ್ಲಿ ಬರೆದಿತ್ತು. ಗೊತ್ತಿಲ್ಲದ ಭಾಷೆಯ ಪತ್ರಕ್ಕೆ ಸಹಿ ಹಾಕಬಾರದೆಂದು ನಮ್ಮಜ್ಜಿ ಹೇಳುತ್ತಿದ್ದದ್ದು ಸುಮ್ಮನೆ ಅಲ್ಲ.

ಆ ಕಾಡಿನ ಚಕಮಕಿ ಬೆಳೆಯುತ್ತಾ ಏಳು ವರ್ಷಗಳ ಯುದ್ಧವಾಯಿತು. ಯುರೋಪು, ಕೆರಿಬಿಯನ್, ನಮ್ಮ ಕಡೆಯ ಕರ್ನಾಟಿಕ್ ಸೀಮೆ (ಈಗಿನ ತಮಿಳುನಾಡಿನ ಪೂರ್ವ ಭಾಗ), ಎಲ್ಲ ಕಡೆ. 1759ರ ಸೆಪ್ಟೆಂಬರಿನಲ್ಲಿ ಕ್ವಿಬೆಕ್ ಬಿತ್ತು. ಗೆದ್ದ ಬ್ರಿಟಿಷ್ ದಂಡನಾಯಕ ವುಲ್ಫ್, ಸೋತ ಫ್ರೆಂಚ್ ದಂಡನಾಯಕ ಮೋಂಕಾಮ್ ಇಬ್ಬರೂ ಅದೇ ಕಾಳಗದ ಗಾಯದಿಂದ ಸತ್ತರು. 1760ರ ಜನವರಿಯಲ್ಲಿ ವಾಂಡಿವಾಷ್‌ನಲ್ಲಿ ಫ್ರೆಂಚರ ಲಾಲಿ ಸೋತ, ಮರುವರ್ಷ ಪಾಂಡಿಚೇರಿ ಹೋಯಿತು. ಶಾಲೆಯಲ್ಲಿ ನಮಗೆ ಇವೆರಡನ್ನೂ ಬೇರೆ ಬೇರೆ ಪಾಠ ಮಾಡಿ ಕಲಿಸಿದರು. ಒಂದೇ ಯುದ್ಧ.

ಗೆದ್ದಮೇಲೆ ಸುಖವಾಗಿರಬೇಕಿತ್ತಲ್ಲ, ಜಗಳ ಯಾಕೆ?

ನನ್ನ ಪ್ರಕಾರ ಇಡೀ ಕತೆಯ ಕೀಲಿ ಇಲ್ಲಿದೆ. ಬ್ರಿಟನ್ ಅಮೆರಿಕವನ್ನು ಕಳೆದುಕೊಂಡದ್ದು ಸೋತು ಅಲ್ಲ, ಗೆದ್ದು.

1763ರ ಪ್ಯಾರಿಸ್ ಒಪ್ಪಂದದಲ್ಲಿ ಫ್ರಾನ್ಸ್ ಕೆನಡಾವನ್ನು ಬಿಟ್ಟುಕೊಟ್ಟಿತು. ಅಲ್ಲಿಯವರೆಗೆ ವಸಾಹತಿನವರು ರಾಜನ ಸೈನ್ಯವನ್ನು ಸಹಿಸಿಕೊಂಡದ್ದು ಫ್ರೆಂಚರ ಭಯಕ್ಕೆ. ಹುಲಿ ಹೋದಮೇಲೆ ಕಾವಲುಗಾರನ ಸಂಬಳ ಯಾರಿಗೂ ಭಾರವೇ. ಆದರೆ ಲಂಡನ್ ಸುಮಾರು 10,000 ಸೈನಿಕರನ್ನು ಇಲ್ಲೇ ಉಳಿಸಿತು. ಇನ್ನೊಂದು ಕಡೆ ಬ್ರಿಟನ್ನಿನ ಸಾಲ ಯುದ್ಧದಲ್ಲಿ ಹತ್ತಿರ ಹತ್ತಿರ ಇಮ್ಮಡಿಯಾಗಿತ್ತು. 'ನಿಮಗಾಗಿ ಹೋರಾಡಿದೆವು, ನಿಮ್ಮ ಪಾಲು ಕೊಡಿ' ಎಂಬುದು ಲಂಡನ್ನಿನ ಮಾತು. ಅದರಲ್ಲಿ ನ್ಯಾಯ ಇಲ್ಲದೆ ಇರಲಿಲ್ಲ.

ಮೂರನೆಯದು ನೆಲ. ಫ್ರೆಂಚರು ಹೋದಮೇಲೆ ಒಟ್ಟಾವಾ ನಾಯಕ ಪಾಂಟಿಯಾಕ್ ಮತ್ತು ಇತರರು ಸೇರಿ ಪಶ್ಚಿಮದ ಬ್ರಿಟಿಷ್ ಕೋಟೆಗಳ ಮೇಲೆ ಬಿದ್ದರು. ಇನ್ನೊಂದು ಯುದ್ಧಕ್ಕೆ ಲಂಡನ್ನಿನ ಬಳಿ ಕಾಸಿರಲಿಲ್ಲ. 1763ರ ಅಕ್ಟೋಬರ್ 7ರಂದು ರಾಜ ಮೂರನೇ ಜಾರ್ಜ್ ಒಂದು ಘೋಷಣೆ ಹೊರಡಿಸಿ ಅಪಲಾಚಿಯನ್ ಬೆಟ್ಟಗಳ ಉದ್ದಕ್ಕೂ ಗೆರೆ ಎಳೆದ. ಗೆರೆಯಾಚೆ ಮೂಲನಿವಾಸಿಗಳ ಸೀಮೆ, ವಲಸಿಗರು ಹೋಗುವಂತಿಲ್ಲ. ಯಾವ ಕಣಿವೆಗಾಗಿ ಒಂಬತ್ತು ವರ್ಷ ಹಿಂದೆ ಗುಂಡು ಹಾರಿಸಿದರೋ ಅದೇ ಕಣಿವೆಗೆ ಈಗ ಪ್ರವೇಶವಿಲ್ಲ! ವಾಷಿಂಗ್ಟನ್ ಅದನ್ನು ತಾತ್ಕಾಲಿಕ ಉಪಾಯವೆಂದು ಬಗೆದು, ಗೆರೆಯಾಚೆಯ ಒಳ್ಳೆಯ ಜಮೀನನ್ನು ಸದ್ದಿಲ್ಲದೆ ಗುರುತು ಹಾಕಿಸುತ್ತಲೇ ಇದ್ದ.

ಗಡಿಯಲ್ಲಿದ್ದ ಬಡ ವಲಸಿಗರ ಸಿಟ್ಟು ಇನ್ನೂ ಕೆಟ್ಟದಾಗಿ ಹೊರಬಂತು. ಆ ವರ್ಷದ ಡಿಸೆಂಬರಿನಲ್ಲಿ ಪೆನ್ಸಿಲ್ವೇನಿಯಾದ 'ಪ್ಯಾಕ್ಸ್‌ಟನ್ ಹುಡುಗರು' ಎಂಬ ಗುಂಪು ಯುದ್ಧಕ್ಕೂ ತಮಗೂ ಸಂಬಂಧವೇ ಇಲ್ಲದೆ ಬಾಳುತ್ತಿದ್ದ ಕೊನೆಸ್ಟೋಗಾ ಬುಡಕಟ್ಟಿನ 20 ಜನರನ್ನು ಕೊಂದಿತು. ಅವರಲ್ಲಿ ಹದಿನಾಲ್ಕು ಜನ ರಕ್ಷಣೆಗೆಂದು ಸರ್ಕಾರವೇ ಇಟ್ಟಿದ್ದ ಕಟ್ಟಡದೊಳಗಿದ್ದರು. ಯಾರಿಗೂ ಶಿಕ್ಷೆಯಾಗಲಿಲ್ಲ.

ಸ್ಟಾಂಪ್ ಆಕ್ಟ್ ಎಂದರೆ ಅಂಚೆ ಚೀಟಿಯ ತೆರಿಗೆಯೇ?

ಅಲ್ಲ. ನಮ್ಮ ಛಾಪಾ ಕಾಗದ. ಸಬ್ ರಿಜಿಸ್ಟ್ರಾರ್ ಕಚೇರಿ ಮೆಟ್ಟಿಲು ಹತ್ತಿದವರಿಗೆ ವಿವರಿಸಬೇಕಾಗಿಲ್ಲ. 1765ರ ಮಾರ್ಚ್ 22ರ ಕಾಯ್ದೆಯ ಪ್ರಕಾರ ಕ್ರಯಪತ್ರ, ಉಯಿಲು, ಕೋರ್ಟಿನ ಕಾಗದ, ಪತ್ರಿಕೆ, ಪಂಚಾಂಗ, ಇಸ್ಪೀಟಿನ ಎಲೆ, ಎಲ್ಲಕ್ಕೂ ಸರ್ಕಾರದ ಮುದ್ರೆ ಇರಬೇಕು, ಮುದ್ರೆಗೆ ದುಡ್ಡು ಕೊಡಬೇಕು. ಇಂಗ್ಲೆಂಡಿನಲ್ಲಿ ಇಂಥದ್ದು 1694ರಿಂದಲೇ ಇತ್ತು.

ಲಂಡನ್ನಿನ ಮಂತ್ರಿ ಗ್ರೆನ್‌ವಿಲ್ ಮಾಡಿದ ತಪ್ಪು ಏನೆಂದರೆ, ಮಾತಾಡುವವರ ಬಾಯಿಗೇ ಕೈಹಾಕಿದ್ದು. ವಕೀಲ, ಪತ್ರಿಕೆಯವನು, ಪಾದ್ರಿ, ಹೆಂಡದಂಗಡಿಯವನು: ಊರಿನಲ್ಲಿ ದನಿ ಇರುವವರೆಲ್ಲ ಇವರೇ. ರೈತನ ಮೇಲೆ ಹಾಕಿದ್ದರೆ ಗೊಣಗಿ ಸುಮ್ಮನಾಗುತ್ತಿದ್ದನೇನೋ. ಮೇಲಾಗಿ ಉಲ್ಲಂಘಿಸಿದವರ ವಿಚಾರಣೆ ಜ್ಯೂರಿಯಿಲ್ಲದ ನೌಕಾ ನ್ಯಾಯಾಲಯದಲ್ಲೂ ನಡೆಯಬಹುದಿತ್ತು.

ಆಗಸ್ಟ್ 14ರಂದು ಬಾಸ್ಟನ್ನಿನ ಒಂದು ಎಲ್ಮ್ ಮರಕ್ಕೆ ಛಾಪಾ ಕಾಗದ ಹಂಚಬೇಕಿದ್ದ ಆ್ಯಂಡ್ರೂ ಆಲಿವರ್‌ನ ಪ್ರತಿಕೃತಿಯನ್ನು ನೇತುಹಾಕಿದರು. ಸಂಜೆ ಮೆರವಣಿಗೆ, ಬೆಂಕಿ, ಅವನ ಮನೆಯ ಕಿಟಕಿ ಪುಡಿಪುಡಿ. ಮರುದಿನವೇ ಅವನು ಕೆಲಸ ಬಿಡುತ್ತೇನೆಂದ. ಆಗಸ್ಟ್ 26ರಂದು ಉಪರಾಜ್ಯಪಾಲ ಥಾಮಸ್ ಹಚಿನ್ಸನ್‌ನ ಮನೆಗೆ ಗುಂಪು ನುಗ್ಗಿ ಗೋಡೆಯ ಹಲಗೆಯನ್ನೂ ಬಿಡದೆ ಕಿತ್ತಿತು. ಹಚಿನ್ಸನ್ ಖಾಸಗಿಯಾಗಿ ಆ ಕಾಯ್ದೆಯನ್ನು ವಿರೋಧಿಸಿದ್ದವನು, ಪಾಪ. ವರ್ಷಗಟ್ಟಲೆ ಬರೆದಿದ್ದ ಮ್ಯಾಸಚೂಸೆಟ್ಸ್ ಇತಿಹಾಸದ ಹಸ್ತಪ್ರತಿ ಕೆಸರಿಗೆ ಬಿತ್ತು. ನವೆಂಬರ್ 1ಕ್ಕೆ ಕಾಯ್ದೆ ಜಾರಿಗೆ ಬರುವ ಹೊತ್ತಿಗೆ ಹಂಚುವವರೇ ಉಳಿದಿರಲಿಲ್ಲ. 1766ರ ಮಾರ್ಚಿನಲ್ಲಿ ಸಂಸತ್ತು ಅದನ್ನು ವಾಪಸ್ ಪಡೆಯಿತು. ಆದರೆ ಅದರ ಜೊತೆಗೇ 'ಯಾವುದೇ ವಿಷಯದಲ್ಲಿ ನಿಮ್ಮ ಮೇಲೆ ಕಾನೂನು ಮಾಡುವ ಹಕ್ಕು ನಮಗಿದೆ' ಎಂಬ ಇನ್ನೊಂದು ಕಾಯ್ದೆಯನ್ನೂ ಮಾಡಿತು. ಇಲ್ಲಿನವರು ಪಟಾಕಿ ಹೊಡೆಯುವ ಗಡಿಬಿಡಿಯಲ್ಲಿ ಆ ಎರಡನೆಯದನ್ನು ಸರಿಯಾಗಿ ಓದಲಿಲ್ಲ.

ತೆರಿಗೆ ನಿಜಕ್ಕೂ ಅಷ್ಟು ಭಾರವಾಗಿತ್ತೇ?

ಇಲ್ಲ. ಇಂಗ್ಲೆಂಡಿನಲ್ಲಿದ್ದವನು ಇವರಿಗಿಂತ ಬಹಳ ಹೆಚ್ಚು ಕೊಡುತ್ತಿದ್ದ. ಕಾಕಂಬಿಯ ಉದಾಹರಣೆ ನೋಡಿ. ನ್ಯೂ ಇಂಗ್ಲೆಂಡಿನವರು ಅದರಿಂದ ರಮ್ ಇಳಿಸುತ್ತಿದ್ದರು. 1733ರ ಕಾಯ್ದೆಯಲ್ಲಿ ವಿದೇಶಿ ಕಾಕಂಬಿಗೆ ಗ್ಯಾಲನ್ನಿಗೆ 6 ಪೆನ್ಸ್ ಸುಂಕ. ಯಾರೂ ಕೊಡುತ್ತಿರಲಿಲ್ಲ, ಸುಂಕದವನ ಕೈ ಬೆಚ್ಚಗೆ ಮಾಡಿ ಸಾಗಿಸುತ್ತಿದ್ದರು. 1764ರಲ್ಲಿ ಲಂಡನ್ ಅದನ್ನು 3 ಪೆನ್ಸಿಗೆ ಇಳಿಸಿತು, ಆದರೆ ಇನ್ನು ಮುಂದೆ ನಿಜವಾಗಿ ವಸೂಲಿ ಮಾಡುತ್ತೇವೆ ಎಂದಿತು. ಅರ್ಧಕ್ಕೆ ಇಳಿಸಿದ ತೆರಿಗೆಗೆ ದಂಗೆ! ನಮ್ಮ ಪ್ರತಿನಿಧಿ ಇಲ್ಲದ ಸಂಸತ್ತು ತೆರಿಗೆ ಹಾಕಬಾರದೆಂಬ ತತ್ವ ನಿಜವಾದದ್ದೇ. ಅದರ ಬೆನ್ನಿಗೆ ಕಳ್ಳಸಾಗಣೆಯ ಲಾಭವೂ ನಿಂತಿತ್ತು.

ಓಲ್ಡ್ ಸ್ಟೇಟ್ ಹೌಸ್ ಎಂಬ ಹಳೆಯ ಆಡಳಿತ ಭವನದ ಮುಂದೆ ನೆಲದಲ್ಲಿರುವ ಕಲ್ಲಿನ ಚಕ್ರ ಏನು?

ಟ್ರಾಫಿಕ್ಕಿನ ನಡುವೆ ಅದನ್ನು ಎಲ್ಲರೂ ತುಳಿದುಕೊಂಡು ಹೋಗುತ್ತಾರೆ. 1770ರ ಮಾರ್ಚ್ 5ರ ರಾತ್ರಿ ಗುಂಡು ಹಾರಿದ ಜಾಗದ ಗುರುತು ಅದು. 1768ರಿಂದ ಊರಲ್ಲಿ ಸೈನ್ಯ ಬೀಡುಬಿಟ್ಟಿತ್ತು. ಸಂಬಳ ಸಾಲದ ಸಿಪಾಯಿಗಳು ಬಿಡುವಿನಲ್ಲಿ ಕೂಲಿಗೆ ಹೋಗುತ್ತಿದ್ದರು, ಅದರಿಂದ ಊರಿನ ಕೂಲಿಗಳ ಹೊಟ್ಟೆಗೆ ಕಲ್ಲು. ಆ ರಾತ್ರಿ ಹಿಮದುಂಡೆ, ಕೋಲು, ಬೈಗುಳ. ಸಿಪಾಯಿಗಳು ಹೆದರಿ ಹಾರಿಸಿದರು, ಐವರು ಸತ್ತರು. ಅವರಲ್ಲಿ ಒಬ್ಬ ಕ್ರಿಸ್ಪಸ್ ಆಟಕ್ಸ್, ಆಫ್ರಿಕನ್ ಮತ್ತು ಮೂಲನಿವಾಸಿ ರಕ್ತದ ಹಡಗು ಕೆಲಸಗಾರ.

ನನಗೆ ಇಷ್ಟವಾದದ್ದು ಮುಂದಿನ ಭಾಗ. ಸಿಪಾಯಿಗಳ ಪರ ವಕೀಲನಾಗಿ ನಿಂತವನು ಜಾನ್ ಆ್ಯಡಮ್ಸ್, ಮುಂದೆ ಈ ದೇಶದ ಎರಡನೇ ಅಧ್ಯಕ್ಷನಾದವನು. ಕ್ಯಾಪ್ಟನ್ ಖುಲಾಸೆ, ಎಂಟು ಸಿಪಾಯಿಗಳಲ್ಲಿ ಆರು ಜನ ಖುಲಾಸೆ, ಇಬ್ಬರಿಗೆ ಹೆಬ್ಬೆರಳಿಗೆ ಬರೆ. ಊರಿಗೆ ಊರೇ ಸಿಟ್ಟಾಗಿದ್ದಾಗ ಬಾಸ್ಟನ್ನಿನ ಕೋರ್ಟಿನಲ್ಲೇ ಈ ತೀರ್ಪು ಬಂತು. ತಲೆಯೆತ್ತಿ ನೋಡಿದರೆ ಆ ಕಟ್ಟಡದ ಮೇಲೆ ಬ್ರಿಟಿಷ್ ರಾಜಲಾಂಛನದ ಸಿಂಹ ಮತ್ತು ಒಂಟಿಕೊಂಬಿನ ಕುದುರೆ ಇವೆ. ಮೂಲದ್ದನ್ನು 1776ರಲ್ಲಿ ಇಳಿಸಿ ಸುಟ್ಟರು, ಇವು ನಂತರ ಮಾಡಿಸಿ ಇಟ್ಟವು.

ಸಮುದ್ರಕ್ಕೆ ಸುರಿದ ಚಹಾ ನಮ್ಮ ಅಸ್ಸಾಮಿನದೇ?

ಅಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಮುಂದಿನ ವರ್ಷದ ಬ್ಯಾಚು ಮತ್ತೆ ಕೇಳುತ್ತದೆ. ಅಸ್ಸಾಮಿನ ಚಹಾ ಲಂಡನ್ನಿನಲ್ಲಿ ಮೊದಲು ಹರಾಜಾದದ್ದು 1839ರಲ್ಲಿ. ಬಾಸ್ಟನ್ನಿಗೆ ಬಂದದ್ದು ಪೂರ್ತಿ ಚೀನಾದ ಸರಕು, ಬಹುಪಾಲು 'ಬೋಹಿ' ಎಂಬ ಅಗ್ಗದ ಕಪ್ಪು ಚಹಾ. ಆದರೆ ಭಾರತದ ಸಂಬಂಧ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಆ ಚಹಾ ಈಸ್ಟ್ ಇಂಡಿಯಾ ಕಂಪನಿಯದು.

ಬಂಗಾಳದ ದಿವಾನಿ, ಅಂದರೆ ಕಂದಾಯ ವಸೂಲಿಯ ಹಕ್ಕು, ಸಿಕ್ಕಮೇಲೆ ಕಂಪನಿಯ ನೌಕರರು ಕೊಬ್ಬಿದರು, ಕಂಪನಿ ಸೊರಗಿತು. 1770ರ ಬರದಲ್ಲಿ ಬಂಗಾಳದ ಜನ ಲಕ್ಷಗಟ್ಟಲೆ ಸತ್ತರು. ಸೈನ್ಯದ ಖರ್ಚು ಏರಿತು, 1772ರಲ್ಲಿ ಯುರೋಪಿನ ಬ್ಯಾಂಕುಗಳು ಮುಗ್ಗರಿಸಿದವು. ಲಂಡನ್ನಿನ ಗೋದಾಮಿನಲ್ಲಿ ಮಾರಾಟವಾಗದ ಚಹಾ ಬೆಟ್ಟದಂತೆ ಬಿದ್ದಿತ್ತು. ಸರ್ಕಾರ ಕಂಪನಿಗೆ 14 ಲಕ್ಷ ಪೌಂಡ್ ಸಾಲ ಕೊಟ್ಟಿತು. ಜೊತೆಗೆ 1773ರ ಮೇನಲ್ಲಿ ಚಹಾ ಕಾಯ್ದೆ ಮಾಡಿ, ನೇರವಾಗಿ ಅಮೆರಿಕಕ್ಕೆ ಕಳಿಸಿ ತಾನೇ ನೇಮಿಸಿದ ಏಜೆಂಟರಿಂದ ಮಾರಿಸಲು ಬಿಟ್ಟಿತು. ಬೆಲೆ ಇಳಿಯಿತು, ಪೌಂಡು ತೂಕಕ್ಕೆ 3 ಪೆನ್ಸಿನ ಹಳೆಯ ಸುಂಕ ಮಾತ್ರ ಹಾಗೇ ಉಳಿಯಿತು.

ಅಗ್ಗದ ಚಹಾ ಕೊಟ್ಟರೂ ಸಿಟ್ಟೇಕೆ? ಡಚ್ ಚಹಾ ಕದ್ದು ತರುತ್ತಿದ್ದವರಿಗೆ ನಷ್ಟ. ಊರಿನ ವ್ಯಾಪಾರಿಗಳನ್ನು ಬಿಟ್ಟು ಏಜೆಂಟರಾದವರಲ್ಲಿ ಈಗ ರಾಜ್ಯಪಾಲನಾಗಿದ್ದ ಹಚಿನ್ಸನ್‌ನ ಇಬ್ಬರು ಮಕ್ಕಳು. ಮತ್ತೆ ಆ ಚಹಾ ಕುಡಿದರೆ ಸುಂಕವನ್ನು ಒಪ್ಪಿದಂತೆ. ಫಿಲಡೆಲ್ಫಿಯಾ ಕಡೆಯ ವಕೀಲ ಜಾನ್ ಡಿಕಿನ್ಸನ್ ಕರಪತ್ರ ಬರೆದು, ಬಂಗಾಳದಲ್ಲಿ ಈ ಕಂಪನಿ ಏನು ಮಾಡಿತು ನೋಡಿ, ನಾಳೆ ಇಲ್ಲೂ ಅದೇ ಎಂದು ಎಚ್ಚರಿಸಿದ. ನಮ್ಮ ಹಸಿವು ಅವರ ವಾದಕ್ಕೆ ಒದಗಿತು. ಮುಂದೆ ನಮ್ಮನ್ನು ನೆನೆದವರು ಕಡಿಮೆ.

1773ರ ಡಿಸೆಂಬರ್ 16ರ ಸಂಜೆ ಓಲ್ಡ್ ಸೌತ್ ಸಭಾಗೃಹದಲ್ಲಿ ಸಾವಿರಾರು ಜನ ಸೇರಿದ್ದರು. ಮರುದಿನ ಗಡುವು ಮುಗಿದು ಸರಕು ಸುಂಕದವರ ವಶವಾಗುವುದಿತ್ತು. ಹಡಗುಗಳನ್ನು ವಾಪಸ್ ಕಳಿಸಲು ಹಚಿನ್ಸನ್ ಒಪ್ಪಲಿಲ್ಲ. ಕತ್ತಲಾದಮೇಲೆ ಡಾರ್ಟ್‌ಮತ್, ಎಲಿನರ್, ಬೀವರ್ ಎಂಬ ಮೂರು ಹಡಗು ಹತ್ತಿ 342 ಪೆಟ್ಟಿಗೆ ಒಡೆದು ಸುಮಾರು 42 ಟನ್ ಚಹಾ ಸುರಿದರು. ಆಗ ಇಳಿತದ ಹೊತ್ತು. ಚಹಾ ಮುಳುಗದೆ ಹುಲ್ಲಿನ ಬಣವೆಯಂತೆ ಹಡಗಿನ ಪಕ್ಕ ರಾಶಿ ಬಿತ್ತು. ಬೆಳಗ್ಗೆ ದೋಣಿಯಲ್ಲಿ ಹೋಗಿ ತೇಲುತ್ತಿದ್ದುದನ್ನು ಹುಟ್ಟಿನಿಂದ ಬಡಿದು ಬಡಿದು ಮುಳುಗಿಸಿದರು. ಬೇರೆ ಸಾಮಾನು ಮುಟ್ಟಲಿಲ್ಲ. ಕಂಪನಿಗೆ ಆದ ನಷ್ಟ 9,659 ಪೌಂಡ್.

ಅಂದಹಾಗೆ ಹಡಗುಗಳು ನಿಂತಿದ್ದ ಆ ಕಟ್ಟೆ ಈಗ ಇಲ್ಲ. ಸಮುದ್ರವನ್ನು ತುಂಬಿಸಿ ರಸ್ತೆ ಮಾಡಿದ್ದಾರೆ. ಹತ್ತಿರದಲ್ಲಿ ಹಡಗಿನ ಮಾದರಿ ಕಟ್ಟಿ ಟಿಕೆಟ್ ಇಟ್ಟು, ಪ್ರವಾಸಿಗರ ಕೈಯಲ್ಲಿ ಖಾಲಿ ಪೆಟ್ಟಿಗೆ ಎಸೆಸುತ್ತಾರೆ. ಹಗ್ಗ ಕಟ್ಟಿರುತ್ತಾರೆ, ಮತ್ತೆ ಎಳೆದುಕೊಳ್ಳುವುದಕ್ಕೆ. ನಮ್ಮ ಅತ್ತೆ ಎರಡು ಸಲ ಎಸೆದರು.

ಚಹಾ ಸುರಿದವರು ಮೂಲನಿವಾಸಿಗಳ ವೇಷ ಹಾಕಿದ್ದೇಕೆ?

ಗುರುತು ಸಿಗಬಾರದೆಂದು ಮುಖಕ್ಕೆ ಮಸಿ ಬಳಿದರು, ಅದು ಸರಿ. ಆದರೆ ಮೋಹಾಕ್ ಎಂಬ ಬುಡಕಟ್ಟಿನವರ ವೇಷವೇ ಯಾಕೆ? 'ನಾವು ಇಂಗ್ಲೆಂಡಿನವರಲ್ಲ, ಈ ಮಣ್ಣಿನವರು' ಎಂದು ತೋರಿಸಲು ಎಂದು ಬಹಳ ಇತಿಹಾಸಕಾರರು ಹೇಳುತ್ತಾರೆ. ಯಾರ ನೆಲ ಹಿಡಿದಿದ್ದರೋ ಅವರದೇ ವೇಷ.

ಅಲ್ಲಿಂದ ಗುಂಡು ಹಾರುವವರೆಗೆ ಏನಾಯಿತು?

ಲಂಡನ್ ಸಿಟ್ಟಿನಿಂದ ಬಾಸ್ಟನ್ ಬಂದರನ್ನು 1774ರ ಜೂನ್ 1ರಿಂದ ಮುಚ್ಚಿತು, ಮ್ಯಾಸಚೂಸೆಟ್ಸ್‌ನ ಸ್ವಯಮಾಡಳಿತವನ್ನು ಮೊಟಕು ಮಾಡಿತು. ಒಂದು ಊರನ್ನು ಹಸಿವಿಗೆ ದೂಡಿದರೆ ಉಳಿದವರು ಹೆದರಿ ಸುಮ್ಮನಾಗುತ್ತಾರೆಂಬ ಲೆಕ್ಕ. ಆದದ್ದು ಉಲ್ಟಾ. ಗಡಿಕಲ್ಲಿಗೆ ಹೊಡೆದಾಡುತ್ತಿದ್ದ ವಸಾಹತುಗಳು ಬಾಸ್ಟನ್ನಿಗೆ ಅಕ್ಕಿ, ಕುರಿ ಕಳಿಸಿದವು. ಸೆಪ್ಟೆಂಬರಿನಲ್ಲಿ ಜಾರ್ಜಿಯಾ ಬಿಟ್ಟು ಹನ್ನೆರಡೂ ಫಿಲಡೆಲ್ಫಿಯಾದಲ್ಲಿ ಸೇರಿದವು. ಅದೇ ವರ್ಷದ ಕ್ವಿಬೆಕ್ ಕಾಯ್ದೆ ಓಹಾಯೋ ಕಣಿವೆಯನ್ನು ಕ್ವಿಬೆಕ್ಕಿಗೆ ಸೇರಿಸಿತು. ಮತ್ತೆ ಆ ಕಣಿವೆ!

1775ರ ಏಪ್ರಿಲ್ 19ರ ಮುಂಜಾವು ಸುಮಾರು 700 ಸಿಪಾಯಿಗಳು ಕಾಂಕಾರ್ಡಿನಲ್ಲಿ ಬಚ್ಚಿಟ್ಟ ಮದ್ದುಗುಂಡು ಹಿಡಿಯಲು ಹೊರಟರು. ದಾರಿಯ ಲೆಕ್ಸಿಂಗ್ಟನ್ ಹುಲ್ಲುಗಾವಲಿನಲ್ಲಿ ಎಂಬತ್ತಕ್ಕಿಂತ ಕಡಿಮೆ ರೈತಾಪಿ ಜನ ಬಂದೂಕು ಹಿಡಿದು ನಿಂತಿದ್ದರು. ಮೊದಲು ಹಾರಿಸಿದ್ದು ಯಾರೆಂದು ಇವತ್ತಿಗೂ ತೀರ್ಮಾನವಾಗಿಲ್ಲ. ಇವರಲ್ಲಿ ಎಂಟು ಜನ ಸತ್ತರು. ವಾಪಸ್ ಬರುವಾಗ ಕಲ್ಲುಗೋಡೆಗಳ ಹಿಂದಿನಿಂದ ಗುಂಡು ಸುರಿದು, ಸಂಜೆಯೊಳಗೆ ಬ್ರಿಟಿಷರಲ್ಲಿ 73 ಜನ ಸತ್ತಿದ್ದರು.

ಎಲ್ಲರೂ ರಾಜನ ವಿರುದ್ಧ ಇದ್ದರೇ? ಗುಲಾಮರು?

ಬಿಳಿಯರಲ್ಲಿ ಸುಮಾರು ಐದನೇ ಒಂದು ಪಾಲು ರಾಜನ ಪರ ಇತ್ತು. ಬೆಂಜಮಿನ್ ಫ್ರಾಂಕ್ಲಿನ್‌ನ ಸ್ವಂತ ಮಗ ವಿಲಿಯಂ ಕೂಡ, ನ್ಯೂಜೆರ್ಸಿಯ ರಾಜ್ಯಪಾಲ. ಅಪ್ಪ ಮಗ ಆಮೇಲೆ ಒಂದಾಗಲೇ ಇಲ್ಲ. ರಾಜನಿಷ್ಠರಿಗೆ ಬಿಸಿ ಡಾಂಬರು ಬಳಿದು ಗರಿ ಅಂಟಿಸಿ ಮೆರವಣಿಗೆ ಮಾಡುವುದು ಆ ಕಾಲದ 'ಸ್ವಾತಂತ್ರ್ಯಪ್ರೇಮ'.

ಗುಲಾಮರ ಕತೆ ಇನ್ನೊಂದು. ವಸಾಹತುಗಳ ಸುಮಾರು 25 ಲಕ್ಷ ಜನರಲ್ಲಿ ಹತ್ತಿರ ಹತ್ತಿರ 5 ಲಕ್ಷ ಗುಲಾಮರು. 1775ರ ನವೆಂಬರಿನಲ್ಲಿ ವರ್ಜೀನಿಯಾದ ರಾಜ್ಯಪಾಲ ಡನ್‌ಮೋರ್, ಬಂಡಾಯಗಾರರ ಗುಲಾಮರು ತನ್ನ ಸೈನ್ಯ ಸೇರಿದರೆ ಬಿಡುಗಡೆ ಎಂದು ಸಾರಿದ. ನೂರಾರು ಜನ ಓಡಿಬಂದರು, ಬಹಳಷ್ಟು ಜನ ಸಿಡುಬಿಗೆ ತುತ್ತಾದರು. ವಾಷಿಂಗ್ಟನ್‌ನ ಗುಲಾಮ ಹ್ಯಾರಿ ಎಂಬವನು 1776ರಲ್ಲಿ ತಪ್ಪಿಸಿಕೊಂಡು ಬ್ರಿಟಿಷರನ್ನು ಸೇರಿ, ಯುದ್ಧ ಮುಗಿದಮೇಲೆ ನೋವಾ ಸ್ಕೋಶಿಯಾಕ್ಕೆ, ಅಲ್ಲಿಂದ ಆಫ್ರಿಕದ ಸಿಯೆರಾ ಲಿಯೋನ್‌ಗೆ ಹೋದ. ಹೆಸರು ಹ್ಯಾರಿ ವಾಷಿಂಗ್ಟನ್ ಎಂದೇ ಉಳಿಯಿತು. ಸ್ವಾತಂತ್ರ್ಯ ಹುಡುಕಿ ಒಬ್ಬ ವಾಷಿಂಗ್ಟನ್ ರಾಜನ ವಿರುದ್ಧ ಹೋದ, ಇನ್ನೊಬ್ಬ ರಾಜನ ಕಡೆಗೆ ಹೋದ.

ಸ್ವಾತಂತ್ರ್ಯ ಬಂದದ್ದು ಜುಲೈ 4ಕ್ಕೇ?

ಮತ ಹಾಕಿದ್ದು 1776ರ ಜುಲೈ 2ರಂದು, ನ್ಯೂಯಾರ್ಕ್ ತಟಸ್ಥ. 4ರಂದು ಘೋಷಣೆಯ ಪಠ್ಯ ಒಪ್ಪಿದರು. ಬಹುತೇಕ ಸಹಿ ಬಿದ್ದದ್ದು ಆಗಸ್ಟ್ 2ರಂದು. ಅದಕ್ಕೆ ಒಂದು ವರ್ಷ ಮುಂಚೆ ಇದೇ ಜನ ರಾಜನಿಗೆ ವಿನಯದ ಅರ್ಜಿ ಬರೆದಿದ್ದರು. ನಡುವೆ ಮನಸ್ಸು ತಿರುಗಿಸಿದವರಲ್ಲಿ ದೊಡ್ಡವನು ಥಾಮಸ್ ಪೇನ್, ಎರಡು ವರ್ಷದ ಹಿಂದಷ್ಟೇ ಇಂಗ್ಲೆಂಡಿನಿಂದ ಬಂದವನು, ಕಸುಬಿನಲ್ಲಿ ಹೆಂಗಸರ ಕಾರ್ಸೆಟ್ ಹೊಲಿಯುತ್ತಿದ್ದವನು. ರಾಜ ಅಂದರೇನೇ ಅಸಂಬದ್ಧ ಎಂದು 1776ರ ಜನವರಿಯಲ್ಲಿ ಆಡುಮಾತಿನಲ್ಲಿ ಬರೆದ. ಘೋಷಣೆಯ ಕರಡಿನಲ್ಲಿ ಜೆಫರ್ಸನ್ ಗುಲಾಮ ವ್ಯಾಪಾರವನ್ನು ಬೈದಿದ್ದ ಸಾಲುಗಳನ್ನು ಸಭೆ ಹೊಡೆದುಹಾಕಿತು. ಮೂಲನಿವಾಸಿಗಳನ್ನು 'ದಯೆಯಿಲ್ಲದ ಕಾಡುಜನ' ಎಂದ ಸಾಲು ಉಳಿಯಿತು, ಇವತ್ತಿಗೂ ಇದೆ.

ಕೆನಡಾ ಯಾಕೆ ಸೇರಲಿಲ್ಲ?

ಕ್ವಿಬೆಕ್ಕಿನ ಫ್ರೆಂಚ್ ಕ್ಯಾಥೊಲಿಕರಿಗೆ ಲಂಡನ್ ಅವರ ಧರ್ಮ, ಅವರ ಕಾನೂನು ಉಳಿಸಿಕೊಟ್ಟಿತ್ತು. ಕ್ಯಾಥೊಲಿಕರನ್ನು ಬೈಯುತ್ತಿದ್ದ ಬಾಸ್ಟನ್ನಿನವರ ಜೊತೆ ಯಾಕೆ ಹೋಗಬೇಕು? 1775ರ ಕೊನೆಯ ರಾತ್ರಿ ಇವರು ಹಿಮಬಿರುಗಾಳಿಯಲ್ಲಿ ಕ್ವಿಬೆಕ್ ಮೇಲೆ ಬಿದ್ದು ಸೋತು ಬಂದರು.

ಮೈಸೂರಿಗೂ ಇದಕ್ಕೂ ಸಂಬಂಧ ಇದೆಯಂತೆ, ನಿಜವೇ?

ಮಂಡ್ಯದ ಚಿಕ್ಕಪ್ಪ ಕಾಯುತ್ತಿದ್ದ ಪ್ರಶ್ನೆ. ಇದೆ, ವಾಟ್ಸ್ಯಾಪಿನಲ್ಲಿ ಬರುವುದಕ್ಕಿಂತ ಸ್ವಲ್ಪ ಕಡಿಮೆ, ಆದರೆ ಗಟ್ಟಿಯಾಗಿದೆ.

1778ರ ಫೆಬ್ರವರಿಯಲ್ಲಿ ಫ್ರಾನ್ಸ್ ಅಮೆರಿಕನ್ನರ ಜೊತೆ ಒಪ್ಪಂದ ಮಾಡಿಕೊಂಡಿತು. ಹಾಗಾಗಿ ಬ್ರಿಟನ್ ಭಾರತದಲ್ಲೂ ಫ್ರೆಂಚ್ ನೆಲೆಗಳ ಮೇಲೆ ಬಿತ್ತು. 1779ರಲ್ಲಿ ಮಲಬಾರ್ ತೀರದ ಮಾಹೆಯನ್ನು ಹಿಡಿಯಿತು. ಹೈದರಾಲಿಗೆ ಮದ್ದುಗುಂಡು ಬರುತ್ತಿದ್ದದ್ದು ಆ ಬಂದರಿನಿಂದ, ಅದು ತನ್ನ ರಕ್ಷಣೆಯಲ್ಲಿದೆ ಎಂದು ಅವನು ಹೇಳಿಯೂ ಇದ್ದ. 1780ರಲ್ಲಿ ಅವನು ಘಟ್ಟ ಇಳಿದು ಕರ್ನಾಟಿಕ್ ಮೇಲೆ ಬಿದ್ದ. ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಕಂಪನಿಯ ಒಂದು ಪಡೆ ಪೂರ್ತಿ ನಾಶವಾಯಿತು. ಇಲ್ಲಿನ ಪತ್ರಿಕೆಗಳಲ್ಲಿ ಹೈದರನ ಹೆಸರು ಓಡಾಡಿತು. ಪೆನ್ಸಿಲ್ವೇನಿಯಾದವರು ಒಂದು ಯುದ್ಧನೌಕೆಗೆ 'ಹೈದರ್ ಆಲಿ' ಎಂದೇ ಹೆಸರಿಟ್ಟರು. 1782ರ ಏಪ್ರಿಲ್ 8ರಂದು ಜೋಶುವಾ ಬಾರ್ನಿಯ ನಾಯಕತ್ವದಲ್ಲಿ ಆ ಹಡಗು ಡೆಲಾವೇರ್ ಕೊಲ್ಲಿಯಲ್ಲಿ ತನಗಿಂತ ಬಲವಾದ 'ಜನರಲ್ ಮಾಂಕ್' ಎಂಬ ಬ್ರಿಟಿಷ್ ಹಡಗನ್ನು ಹಿಡಿಯಿತು.

ಆಮೇಲಿನದು ಕಹಿ. 1783ರಲ್ಲಿ ಟಿಪ್ಪು ಮಂಗಳೂರಿನ ಕೋಟೆ ಮುತ್ತಿದ್ದಾಗ ಯುರೋಪಿನಲ್ಲಿ ಶಾಂತಿಯಾದ ಸುದ್ದಿ ಬಂತು, ಜೊತೆಗಿದ್ದ ಫ್ರೆಂಚರು ಬಂದೂಕು ಕೆಳಗಿಟ್ಟು ಹೊರಟರು.

ಇನ್ನು ಕಾರ್ನ್‌ವಾಲಿಸ್. 1766ರಲ್ಲಿ ವಸಾಹತುಗಳ ಮೇಲೆ ಸಂಸತ್ತಿನ ಸರ್ವಾಧಿಕಾರ ಸಾರಿದ ಆ ಎರಡನೇ ಕಾಯ್ದೆಗೆ ಪ್ರಭುಗಳ ಸಭೆಯಲ್ಲಿ ವಿರೋಧ ಮತ ಹಾಕಿದ್ದ ಬೆರಳೆಣಿಕೆಯವರಲ್ಲಿ ಅವನೂ ಒಬ್ಬ. ಹದಿನೈದು ವರ್ಷದ ನಂತರ, 1781ರ ಅಕ್ಟೋಬರ್ 19ರಂದು, ಯಾರ್ಕ್‌ಟೌನಿನಲ್ಲಿ ಅವನ ಸೈನ್ಯ ಶರಣಾಯಿತು. ಮೈಗೆ ಹುಷಾರಿಲ್ಲವೆಂದು ಹೇಳಿ ಅವನು ಹೊರಗೇ ಬರಲಿಲ್ಲ, ಕತ್ತಿ ಒಪ್ಪಿಸಲು ಕೆಳಗಿನ ಅಧಿಕಾರಿಯನ್ನು ಕಳಿಸಿದ. ಅಷ್ಟಾದರೂ 1786ರಲ್ಲಿ ಗವರ್ನರ್ ಜನರಲ್ ಆಗಿ ಕಲ್ಕತ್ತಕ್ಕೆ ಬಂದ. ಬೆಂಗಳೂರಿನ ಕೆ.ಆರ್. ಮಾರ್ಕೆಟ್ ಹತ್ತಿರದ ಕೋಟೆಯಲ್ಲಿ 1791ರ ಮಾರ್ಚ್ 21ರಂದು ಬ್ರಿಟಿಷರು ನುಗ್ಗಿದರೆಂದು ಹೇಳುವ ಕಲ್ಲು ಇದೆಯಲ್ಲ, ಅದು ಇವನ ಸೈನ್ಯದ್ದೇ. ಮರುವರ್ಷ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ ಮತ್ತು ಇಬ್ಬರು ಗಂಡುಮಕ್ಕಳನ್ನು ಒತ್ತೆಯಾಗಿ ಪಡೆದ. ಇಲ್ಲಿ ಕಳೆದುಕೊಂಡ ಮಾನವನ್ನು ಅಲ್ಲಿ ಸಂಪಾದಿಸಿಕೊಂಡ ಎಂದು ಚಿಕ್ಕಪ್ಪ ಹೇಳಿದರು. ನಾನು ವಾದ ಮಾಡಲಿಲ್ಲ.

ಒಂದೇ ದಿನ ಇದೆ. ಎಷ್ಟು ನೋಡಬಹುದು?

ಬೆಳಗ್ಗೆ ಕಾಮನ್ ಪಾರ್ಕಿನಿಂದ ಹೊರಟು ಇಟ್ಟಿಗೆಯ ಗೆರೆ ಹಿಡಿಯಿರಿ. ಚಪ್ಪಲಿ ಬೇಡ, ಶೂ ಹಾಕಿಕೊಳ್ಳಿ. ಓಲ್ಡ್ ಸೌತ್, ಓಲ್ಡ್ ಸ್ಟೇಟ್ ಹೌಸ್ ಎರಡರ ಒಳಗೂ ಹೋಗಿ. ಕೊನೆಗೆ ಸೇತುವೆ ದಾಟಿದರೆ ಬಂಕರ್ ಹಿಲ್ ಸ್ತಂಭ. 1775ರ ಜೂನ್ 17ರಂದು ಸಾವಿರಕ್ಕೂ ಹೆಚ್ಚು ಬ್ರಿಟಿಷ್ ಸಿಪಾಯಿಗಳು ಸತ್ತು ಗಾಯಗೊಂಡ ಗುಡ್ಡ ಅದು, ಸರಿಯಾಗಿ ಹೇಳಬೇಕೆಂದರೆ ಅದರ ಹೆಸರು ಬ್ರೀಡ್ಸ್ ಹಿಲ್, ಬಂಕರ್ ಹಿಲ್ ಆಚೆಯದು. ಮೇಲೆ ಹೋಗಲು 294 ಮೆಟ್ಟಿಲು, ಲಿಫ್ಟ್ ಇಲ್ಲ. ಮಂಡಿ ನೋವಿರುವವರು ಕೆಳಗೆ ಹುಲ್ಲಿನ ಮೇಲೆ ಕೂತಿರಿ, ಚಿತ್ರಾನ್ನದ ಡಬ್ಬಿ ನಿಮ್ಮ ಹತ್ತಿರವೇ ಇರಲಿ.